ಮಳೆ ಹಿಡಿಯುವ ಮೊದಲೇ ಕ್ಯಾರವಾನ್ ತಪಾಸಣೆ ಮುಗಿಯಲಿ

ಸಂಪಾದಕರಿಗೆ,

ಮಾನ್ಯರೇ,

ಮಲಗಲು, ಅಡುಗೆ ಮಾಡಲು, ಸ್ನಾನ ಮಾಡಲು ಅನುಕೂಲವಿರುವ ಮೋಟರ್‌ಹೋಮ್‌ಗಳು, ಅಂದರೆ ನಮ್ಮಲ್ಲಿ ಎಲ್ಲರೂ ಕ್ಯಾರವಾನ್ ಎನ್ನುವ ವಾಹನಗಳು, ಕೊಡಗಿನ ರಸ್ತೆಗಳಲ್ಲಿ ಈಗ ಅಪರೂಪವಲ್ಲ. ಹೊರಗಿನಿಂದ ಬರುವ ಪ್ರವಾಸಿಗರದ್ದು ಒಂದೆಡೆಯಾದರೆ, ಜಿಲ್ಲೆಯ ಬೆಳೆಗಾರರು ಮತ್ತು ಹೋಂಸ್ಟೇ ಮಾಲೀಕರಲ್ಲೂ ಕೆಲವರು ಇವನ್ನು ಕೊಂಡಿದ್ದಾರೆ. ವಾಹನ ದುರಸ್ತಿಯ ಕೆಲಸದಲ್ಲಿ ಬಹುಕಾಲ ಕಳೆದು ಈಗ ಊರಿನಲ್ಲಿ ತೋಟ ನೋಡಿಕೊಂಡಿರುವ ನನ್ನ ಬಳಿಗೆ ಇಂಥ ವಾಹನಗಳ ಮಾಲೀಕರು ಸಲಹೆ ಕೇಳಿಕೊಂಡು ಬರುತ್ತಿರುತ್ತಾರೆ. ಅವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ವಾಹನದಲ್ಲಿ ದೋಷ ಕಂಡಿದೆ, ವಾರಂಟಿಯ ಅವಧಿ ಇನ್ನೂ ಮುಗಿದಿಲ್ಲ, ಆದರೂ ಕಂಪನಿಯವರು ಉಚಿತವಾಗಿ ಸರಿಪಡಿಸಿಕೊಡಲು ಒಪ್ಪುತ್ತಿಲ್ಲ. ನಿಗದಿತ ಸರ್ವಿಸ್ ಅಥವಾ ವಾರ್ಷಿಕ ತಪಾಸಣೆ ತಪ್ಪಿದೆ ಎಂದು ಕಾರಣ ಹೇಳುತ್ತಿದ್ದಾರೆ. ಲಕ್ಷಗಟ್ಟಲೆ ಹಣ ಹಾಕಿ ಕೊಂಡ ವಾಹನಕ್ಕೆ ಹೀಗಾಗಬಾರದು ಎಂಬ ಕಳಕಳಿಯಿಂದ, ಈ ವರ್ಷದ ಮಳೆ ಹಿಡಿಯುವ ಮೊದಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಗಮನಿಸಬೇಕಾದದ್ದು, ಕ್ಯಾರವಾನ್‌ಗೆ ಒಂದೇ ವಾರಂಟಿ ಇರುವುದಿಲ್ಲ ಎಂಬುದು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಆಕ್ಸಲ್ ಇರುವ ಮೂಲ ವಾಹನವನ್ನು ಒಂದು ಕಂಪನಿ ತಯಾರಿಸುತ್ತದೆ. ಅದರ ಮೇಲೆ ಮನೆಯ ಭಾಗವನ್ನು, ಎಂದರೆ ಗೋಡೆ, ಛಾವಣಿ, ಕಿಟಕಿ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ವೈರಿಂಗ್ ಎಲ್ಲವನ್ನೂ, ಬಾಡಿ ಕಟ್ಟುವ ಇನ್ನೊಂದು ಸಂಸ್ಥೆ ಕೂರಿಸುತ್ತದೆ. ಆ ಸಂಸ್ಥೆ ಒಳಗೆ ಅಳವಡಿಸುವ ಫ್ರಿಜ್, ಏಸಿ, ಇನ್ವರ್ಟರ್, ಬ್ಯಾಟರಿ, ನೀರಿನ ಪಂಪ್‌ಗಳು ಬೇರೆ ಬೇರೆ ಕಂಪನಿಗಳವು. ಪ್ರತಿಯೊಂದಕ್ಕೂ ಅದರದೇ ವಾರಂಟಿ, ಅದರದೇ ಷರತ್ತು, ಅದರದೇ ಆರಂಭದ ದಿನಾಂಕ. ಬಾಡಿ ಕಟ್ಟಿ ಮುಗಿಸಲು ತಿಂಗಳುಗಳೇ ಹಿಡಿಯುವುದರಿಂದ, ವಾಹನ ಮಾಲೀಕರ ಕೈಸೇರುವ ಹೊತ್ತಿಗೆ ಮೂಲ ವಾಹನದ ವಾರಂಟಿಯಲ್ಲಿ ಒಂದಷ್ಟು ಕಾಲ ಕಳೆದಿರುವುದೂ ಉಂಟು. ಶೋರೂಮಿನಲ್ಲಿ ‘ಮೂರು ವರ್ಷ ಚಿಂತೆಯಿಲ್ಲ ಸಾರ್’ ಎಂದು ಹೇಳುವಾಗ ಆ ಮೂರು ವರ್ಷ ಯಾವುದಕ್ಕೆ, ಯಾವ ದಿನದಿಂದ ಎಂದು ಕೇಳಿ ಬರೆಸಿಕೊಳ್ಳುವವರು ಕಡಿಮೆ. ಹಬ್ಬದ ಮುಹೂರ್ತ ನೋಡಿ ಡೆಲಿವರಿ ಪಡೆಯುವಾಗ ಆ ಕಾಗದಗಳನ್ನು ಓದುವ ವ್ಯವಧಾನವೂ ಇರುವುದಿಲ್ಲ.

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರ ವಾಹನದ ವಿಷಯವನ್ನು ಇಲ್ಲಿ ವಿವರವಾಗಿ ಹೇಳಬೇಕು. ಅವರು ಮೂಲ ವಾಹನದ ಸರ್ವಿಸನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಪುಸ್ತಕದಲ್ಲಿ ಎಲ್ಲ ಮುದ್ರೆಗಳೂ ಇದ್ದವು. ಆದರೆ ಮನೆಯ ಭಾಗವನ್ನು ವರ್ಷಕ್ಕೊಮ್ಮೆ ಬಾಡಿ ಕಟ್ಟಿದ ಸಂಸ್ಥೆಯಲ್ಲಿ ತೋರಿಸಬೇಕೆಂಬ ಷರತ್ತು ಬೇರೊಂದು ಕಾಗದದ ಹಿಂಬದಿಯಲ್ಲಿತ್ತು. ಎರಡನೆಯ ಮಳೆಗಾಲ ಮುಗಿದ ಮೇಲೆ ಹಾಸಿಗೆಯ ತಲೆಭಾಗದ ಗೋಡೆಯಲ್ಲಿ ಅಂಗೈಯಗಲದ ಕಂದು ಕಲೆ ಕಂಡಿತು. ನಾನು ಹೋಗಿ ನೋಡಿದಾಗ ಗೋಡೆ ಹೊರಗಿನಿಂದ ಚೆನ್ನಾಗಿಯೇ ಇತ್ತು. ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ಪ್ಲೈವುಡ್ ಮೆತ್ತಗೆ ಕುಸಿಯುತ್ತಿತ್ತು, ಕಬೋರ್ಡ್ ತೆರೆದರೆ ಬೂಷ್ಟಿನ ವಾಸನೆ. ಏಣಿ ಹಾಕಿ ಮೇಲೆ ಹತ್ತಿದಾಗ ಕಾರಣ ಸಿಕ್ಕಿತು. ಛಾವಣಿಯ ಗಾಳಿಕಿಂಡಿಯ ಚೌಕಟ್ಟಿನ ಸುತ್ತ ಹಚ್ಚಿದ್ದ ಸೀಲಂಟ್ ಒಂದು ಮೂಲೆಯಲ್ಲಿ ಉಗುರಿನಷ್ಟು ಉದ್ದಕ್ಕೆ ಬಿಟ್ಟುಕೊಂಡಿತ್ತು. ಸಿಲ್ವರ್ ಓಕ್ ಎಲೆಗಳು ಅಲ್ಲಿ ಸೇರಿ ಕೊಳೆತು ನೀರು ನಿಲ್ಲುವಂತೆ ಮಾಡಿದ್ದವು. ನೀರು ಆ ಸಂದಿನಿಂದ ಇಳಿದು, ಗೋಡೆಯೊಳಗಿನ ಮರದ ಚೌಕಟ್ಟನ್ನು ಹಿಡಿದುಕೊಂಡು, ಬಹಳ ದೂರದಲ್ಲಿ ಹೊರಗೆ ಕಾಣಿಸಿಕೊಂಡಿತ್ತು. ವಾರ್ಷಿಕ ತಪಾಸಣೆಯಲ್ಲಿ ಒಂದು ಟ್ಯೂಬ್ ಸೀಲಂಟ್‌ನಿಂದ ಮುಗಿಯುತ್ತಿದ್ದ ಕೆಲಸವದು. ಸಂಸ್ಥೆಯವರು ತಪಾಸಣೆ ಆಗಿಲ್ಲವೆಂದು ಕ್ಲೇಮನ್ನು ತಿರಸ್ಕರಿಸಿದರು, ಇಡೀ ಗೋಡೆಯ ಫಲಕ ಬದಲಿಸುವ ವೆಚ್ಚ ಮಾಲೀಕರ ತಲೆಯ ಮೇಲೆ ಬಿತ್ತು. ಆ ತಪಾಸಣೆಗೆ ಗಡುವು ಜುಲೈ ತಿಂಗಳಿನಲ್ಲಿತ್ತು. ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯಲ್ಲಿ ಅಷ್ಟು ದೊಡ್ಡ ವಾಹನವನ್ನು ಘಾಟಿ ಇಳಿಸಿ ದೂರದ ಊರಿಗೆ ಒಯ್ಯುವುದು ಎಷ್ಟು ಕಷ್ಟವೆಂಬುದು ಷರತ್ತು ಬರೆದವರಿಗೆ ತಿಳಿದಿರಲಾರದು, ನಮಗೆ ತಿಳಿದಿದೆ.

ಮೂಲ ವಾಹನದ ಸರ್ವಿಸ್ ವಿಷಯದಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂಬ ಸಾಲು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ದಿನವೂ ಓಡುವ ಜೀಪು, ಪಿಕಪ್‌ಗಳಿಗೆ ಕಿಲೋಮೀಟರ್ ಮೊದಲು ತುಂಬುತ್ತದೆ. ಕ್ಯಾರವಾನ್ ಹಾಗಲ್ಲ, ಅದು ವರ್ಷದ ಬಹುಪಾಲು ಶೆಡ್ಡಿನಲ್ಲೇ ನಿಂತಿರುತ್ತದೆ. ಮೀಟರ್ ನೋಡಿ ‘ಇನ್ನೂ ಓಡಿಯೇ ಇಲ್ಲವಲ್ಲ’ ಎಂದುಕೊಳ್ಳುವಷ್ಟರಲ್ಲಿ ತಿಂಗಳ ಲೆಕ್ಕ ಮುಗಿದಿರುತ್ತದೆ. ಓಡದ ವಾಹನಕ್ಕೆ ಸರ್ವಿಸ್ ಏಕೆ ಎಂಬ ಪ್ರಶ್ನೆ ಸಹಜವೇ. ಆದರೆ ನಿಂತ ವಾಹನವೂ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಕುದಿಯುವ ತಾಪಮಾನ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಭಾರದ ವಾಹನದ ಬ್ರೇಕ್ ಒಂದೇ ಸಮನೆ ಬಿಸಿಯಾದರೆ ಪೆಡಲ್ ಮೆತ್ತಗಾಗುವ ಅಪಾಯ ಇಲ್ಲಿಂದಲೇ ಹುಟ್ಟುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಕಾದು ಒಂದಷ್ಟು ದೂರ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ, ಶೆಡ್ಡಿನಿಂದ ಅಂಗಳಕ್ಕೆ ಆಗಾಗ ತಿರುಗಿಸಿ ನಿಲ್ಲಿಸಿದರೆ ಕಟ್ಟಿಕೊಳ್ಳುತ್ತದೆ. ಟಯರ್‌ನ ಕಚ್ಚುಗಳು ಸವೆಯದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2223 ಎಂದಿದ್ದರೆ 2023ರ 22ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. 12 ವೋಲ್ಟ್‌ನ ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಬರಿದಾದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಹೀಗೆ ಹಾಳಾದ ಬ್ಯಾಟರಿಯನ್ನು ತಯಾರಿಕೆಯ ದೋಷವೆಂದು ಯಾರೂ ಬದಲಿಸಿಕೊಡುವುದಿಲ್ಲ.

ಮನೆಯ ಭಾಗದ ತಪಾಸಣೆಯೇ ನಮ್ಮಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು. ಕ್ಯಾರವಾನ್ ಬಳಕೆ ಬಹಳ ಹಿಂದಿನಿಂದ ಇರುವ ಬ್ರಿಟನ್‌ನಲ್ಲಿ ಇದಕ್ಕೆ ಎಂಜಿನ್ ಸರ್ವಿಸ್‌ನಷ್ಟೇ ಮಹತ್ವವಿದೆ. ನೀರು ಒಳಹೋಗದೆಂದು ಹಲವು ವರ್ಷಗಳ ಭರವಸೆ ಕೊಡುವ ತಯಾರಕರು, ವರ್ಷ ತುಂಬುವ ದಿನಾಂಕದ ಆಸುಪಾಸಿನ ನಿಗದಿತ ಅವಧಿಯೊಳಗೆ ತಪಾಸಣೆ ಮಾಡಿಸಿ ದಾಖಲೆ ಇಟ್ಟುಕೊಂಡರೆ ಮಾತ್ರ ಆ ಭರವಸೆಗೆ ಬದ್ಧರಾಗಿರುತ್ತಾರೆ. ಅಲ್ಲಿನ ತಂತ್ರಜ್ಞರು ಎರಡು ಮೊನೆಗಳ ಪುಟ್ಟ ಮೀಟರ್ ಹಿಡಿದು ಕಿಟಕಿಯ ಮೂಲೆ, ಛಾವಣಿಯ ಅಂಚು, ನೆಲ ಮತ್ತು ಗೋಡೆ ಸೇರುವ ಜಾಗಗಳಲ್ಲೆಲ್ಲ ತೇವ ಅಳೆದು, ವಾಹನದ ನಕ್ಷೆಯ ಮೇಲೆ ಆಯಾ ಜಾಗದಲ್ಲೇ ಅಂಕಿ ಬರೆದು ಕೊಡುತ್ತಾರೆ. ಸಾಮಾನ್ಯವಾಗಿ ಶೇ 15ರವರೆಗೆ ಆತಂಕವಿಲ್ಲ, ಅದನ್ನು ದಾಟಿದರೆ ನಿಗಾ ಬೇಕು, ಶೇ 20 ಮೀರಿದರೆ ನೀರಿನ ದಾರಿ ಹುಡುಕಬೇಕು ಎಂಬುದು ಅವರ ಲೆಕ್ಕ.

ಈ ಅಂಕಿಗಳನ್ನು ಕೊಡಗಿಗೆ ಹಾಗೆಯೇ ತಂದುಕೊಳ್ಳಲಾಗದು ಎಂಬುದನ್ನು ಒತ್ತಿ ಹೇಳಬೇಕು. ಮರವು ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ತಾನೂ ತೇವ ಹಿಡಿಯುತ್ತದೆ. ಗಾಳಿಯಲ್ಲಿ ಶೇ 90ರಷ್ಟು ಆರ್ದ್ರತೆ ವಾರಗಟ್ಟಲೆ ನಿಂತರೆ, ಎಲ್ಲಿಂದಲೂ ಒಂದು ಹನಿ ಸೋರದಿದ್ದರೂ ಮರದ ತೇವಾಂಶ ಶೇ 20ರ ಹತ್ತಿರಕ್ಕೆ ಹೋಗಿಬಿಡುತ್ತದೆ. ಭಾಗಮಂಡಲ, ಶಾಂತಳ್ಳಿ, ಗಾಳಿಬೀಡು ಕಡೆಗಳಲ್ಲಿ ಜುಲೈನಲ್ಲಿ ಅಳೆದರೆ ಗಟ್ಟಿಮುಟ್ಟಾದ ವಾಹನವೂ ಕೆಟ್ಟ ಅಂಕಿ ತೋರಿಸೀತು. ಅದನ್ನೇ ನೆಪ ಮಾಡಿ ‘ನೀವು ಸರಿಯಾಗಿ ಇಟ್ಟುಕೊಂಡಿಲ್ಲ’ ಎನ್ನುವ ಅವಕಾಶವೂ ಕಂಪನಿಗೆ ಸಿಕ್ಕೀತು. ಆದ್ದರಿಂದ ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಒಮ್ಮೆ ಅಳೆಸಿ ಆ ದಾಖಲೆಯನ್ನು ಮೂಲ ಅಳತೆಯಾಗಿ ಇಟ್ಟುಕೊಳ್ಳಬೇಕು. ಮಳೆ ಮುಗಿದು ಕೆಲವು ವಾರ ಬಿಸಿಲು ಬಿದ್ದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಸಬೇಕು. ಎಲ್ಲ ಕಡೆ ಒಂದೇ ಅಂಕಿಯಿದ್ದು ಒಂದು ಮೂಲೆಯಲ್ಲಿ ಮಾತ್ರ ಏರಿದ್ದರೆ ಅಲ್ಲಿಯೇ ಸೋರಿಕೆ ಇದೆ ಎಂದು ತಿಳಿಯಬಹುದು. ಮಳೆಗೆ ಮುಂಚೆ ಮನೆಯ ಹೆಂಚು ತಿರುವಿಸುವ ನಾವು, ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಗುಂಡಿ ರಸ್ತೆಯಲ್ಲಿ ಅಲುಗಾಡಿದ ಕ್ಯಾರವಾನ್ ಛಾವಣಿಯನ್ನೂ ಅಷ್ಟೇ ಮುತುವರ್ಜಿಯಿಂದ ನೋಡಿಕೊಳ್ಳಬೇಕು. ಏಸಿ ಕೂರಿಸಿದ ಜಾಗ, ಸೋಲಾರ್ ಫಲಕದ ಬೋಲ್ಟುಗಳು, ಗಾಳಿಕಿಂಡಿ, ಹಿಂಬದಿಯ ಲೈಟ್‌ಗಳ ರಬ್ಬರ್, ಇವುಗಳ ಫೋಟೊವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಗ್ಯಾಸ್ ಮತ್ತು ವಿದ್ಯುತ್ತಿನ ತಪಾಸಣೆ ವಾರಂಟಿಗೂ ಬೇಕು, ಜೀವಕ್ಕೂ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕಾಗಿಯೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಚಳಿ ಬರುತ್ತದೆ, ಜಿಗಣೆ ಹತ್ತುತ್ತದೆ ಎಂದು ಆ ಕಿಂಡಿಗೆ ಬಟ್ಟೆ ತುರುಕುವುದನ್ನು ನಾನೇ ಕಂಡಿದ್ದೇನೆ. ಇದು ಅತ್ಯಂತ ಅಪಾಯಕಾರಿ. ರಬ್ಬರ್ ಪೈಪ್, ರೆಗ್ಯುಲೇಟರ್, ಪ್ರತಿಯೊಂದು ಜೋಡಣೆ ವರ್ಷಕ್ಕೊಮ್ಮೆ ತಿಳಿದವರ ಕೈಯಲ್ಲಿ ಪರೀಕ್ಷೆಯಾಗಬೇಕು. ಹೊರಗಿನ ವಿದ್ಯುತ್ ಸಂಪರ್ಕ ಪಡೆಯುವ ವಾಹನದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಬ್ರೇಕರ್ ಇರಬೇಕು, ಅದರ ಟೆಸ್ಟ್ ಬಟನ್ ಕೆಲಸ ಮಾಡುತ್ತಿರಬೇಕು. ತೋಟದ ಶೆಡ್ಡುಗಳಲ್ಲಿ ಇಲಿಗಳು ವೈರ್ ಕಡಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇಲಿ ಕಡಿದದ್ದಕ್ಕೆ ಯಾವ ವಾರಂಟಿಯೂ ಬರುವುದಿಲ್ಲ.

‘ಎಫ್‌ಸಿ ಆಗಿದೆಯಲ್ಲ, ಇನ್ಶೂರೆನ್ಸೂ ಇದೆಯಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬಾಡಿಗೆಗೆಂದು ಸಾರಿಗೆ ವಾಹನವಾಗಿ ನೋಂದಾಯಿಸಿದ ಕ್ಯಾರವಾನ್‌ಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಅದು ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬುದನ್ನು ನೋಡುತ್ತದೆಯೇ ಹೊರತು ಗೋಡೆಯೊಳಗಿನ ತೇವವನ್ನಲ್ಲ. ವಿಮೆ ಅಪಘಾತ, ಕಳವು, ಪ್ರವಾಹದಂಥವುಗಳಿಗೆ. ಸವೆತಕ್ಕೂ ಯಂತ್ರದ ಕೆಡುಕಿಗೂ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ.

ಎಲ್ಲ ಸರ್ವಿಸನ್ನೂ ಕಂಪನಿಯ ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕೇ ಎಂಬುದು ಕೊಡಗಿನವರಿಗೆ ಬಹಳ ಮುಖ್ಯವಾದ ಪ್ರಶ್ನೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುತ್ತದೆಂಬ ಸಾರಾಸಗಟಾದ ಷರತ್ತು ಹಾಕಬಾರದು ಎಂದು ಹೇಳಿತ್ತು. ಹೊರಗಿನವರ ತಪ್ಪು ಕೆಲಸದಿಂದಲೇ ಹಾನಿಯಾಗಿದ್ದರೆ ನಿರಾಕರಿಸುವ ಅವಕಾಶವನ್ನೂ ಉಳಿಸಿತ್ತು. ಆ ಆದೇಶ ಮೇಲ್ಮನವಿಗಳಿಗೆ ಹೋಯಿತು, ಮತ್ತು ಅದು ಆ ಕಾರು ಕಂಪನಿಗಳಿಗೆ ಸಂಬಂಧಿಸಿದ್ದೇ ಹೊರತು ಬಾಡಿ ಕಟ್ಟುವವರಿಗಲ್ಲ. ಹಾಗಾಗಿ ಅದನ್ನೇ ನಂಬಿಕೊಂಡು ಕೂರುವುದಕ್ಕಿಂತ, ಹತ್ತಿರದ ಒಳ್ಳೆಯ ಗ್ಯಾರೇಜಿನಲ್ಲಿ ಮಾಡಿಸುವುದಿದ್ದರೆ ಮುಂಚಿತವಾಗಿ ಕಂಪನಿಗೆ ಇಮೇಲ್ ಬರೆದು ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ ಎಂಬುದು ನನ್ನ ಅನುಭವದ ಮಾತು. ಫೋನಿನಲ್ಲಿ ‘ಆಗಲಿ ಸಾರ್, ಮಾಡಿಸಿ’ ಎಂದದ್ದು ನಾಳೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಬಿಲ್ಲಿನಲ್ಲಿ ದಿನಾಂಕ, ವಾಹನದ ಸಂಖ್ಯೆ, ಚಾಸಿ ಸಂಖ್ಯೆ, ಮೀಟರ್ ಓದು, ಹಾಕಿದ ಆಯಿಲ್‌ನ ದರ್ಜೆ, ಬದಲಿಸಿದ ಬಿಡಿಭಾಗಗಳ ಹೆಸರು ಸ್ಪಷ್ಟವಾಗಿರಬೇಕು. ‘ಜನರಲ್ ಸರ್ವಿಸ್’ ಎಂದು ಒಂದು ಸಾಲು ಬರೆದ ಚೀಟಿಗೆ ಬೆಲೆಯಿಲ್ಲ.

ಮಳೆಯಿಂದಾಗಿ ಗಡುವು ಮೀರುವ ಸಂಭವವಿದ್ದಾಗಲೂ ಇದೇ ಕ್ರಮ ಅನುಸರಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವು ಮರೆತಿಲ್ಲ. ರಸ್ತೆ ಬಂದ್ ಆದ ಆದೇಶದ ಪ್ರತಿಯನ್ನು ಜೊತೆಗಿಟ್ಟು, ಗಡುವು ಮುಗಿಯುವ ಮೊದಲೇ ಕಾಲಾವಕಾಶ ಕೇಳಿ ಬರೆದರೆ ನಿರಾಕರಿಸುವುದು ಕಂಪನಿಗೆ ಸುಲಭವಲ್ಲ. ಗಡುವು ಮುಗಿದ ಮೇಲೆ ಹೇಳುವ ಕಾರಣ ಎಷ್ಟೇ ನಿಜವಾಗಿದ್ದರೂ ನೆಪದಂತೆ ಕೇಳಿಸುತ್ತದೆ.

ಇನ್ನೆರಡು ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ. ಬಾಡಿ ಕಟ್ಟಿದವರ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಬ್ಯಾಟರಿ, ಸೋಲಾರ್, ಕ್ಯಾರಿಯರ್ ಕೂರಿಸಲು ಛಾವಣಿಗೆ ತೂತು ಕೊರೆಸಿದರೆ, ಆ ಜಾಗದ ಸೋರಿಕೆಗೆ ಅವರು ಹೊಣೆಯಾಗುವುದಿಲ್ಲ. ಎರಡನೆಯದು ಭಾರ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದರ ಮೇಲೆ ಬ್ಯಾಟರಿ, ಸಿಲಿಂಡರ್, ಸಾಮಾನು, ಜನ ಎಲ್ಲ ಸೇರಿ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಿದರೆ, ಸ್ಪ್ರಿಂಗ್ ಮತ್ತು ಆಕ್ಸಲ್‌ನ ಕ್ಲೇಮ್ ಅಲ್ಲಿಗೇ ಮುಗಿಯಿತು. ಕಾಫಿ ಲೋಡ್ ತೂಗುವ ವೇಬ್ರಿಡ್ಜ್‌ನಲ್ಲಿ ಒಮ್ಮೆ ಪೂರ್ತಿ ತುಂಬಿದ ಸ್ಥಿತಿಯಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕ್ಲೇಮ್ ನಿರಾಕರಿಸಿದರೆ ಸುಮ್ಮನಿರಬೇಕಾಗಿಲ್ಲ. ಮೊದಲು ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ಆಯೋಗಕ್ಕೇ ದೂರು ಕೊಡಬಹುದಾದ್ದರಿಂದ, ಕಂಪನಿ ಬೇರೆ ರಾಜ್ಯದಲ್ಲಿದ್ದರೂ ನಮ್ಮವರು ಮಡಿಕೇರಿಯ ಜಿಲ್ಲಾ ಆಯೋಗದಲ್ಲಿ ದೂರು ಹೂಡಲು ಅಡ್ಡಿಯಿಲ್ಲ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಹೋಂಸ್ಟೇ ಮಾಲೀಕರು ಒಂದು ಅಂಶ ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಈ ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ವಿನಾಯಿತಿಯಿದೆ. ಕುಟುಂಬದ ಬಳಕೆಗೆಂದು ನೋಂದಾಯಿಸಿ ಬಾಡಿಗೆಗೆ ಬಿಡುವವರ ವಾರಂಟಿಯೂ ಕಾನೂನಿನ ರಕ್ಷಣೆಯೂ ಒಟ್ಟಿಗೇ ಕೈಬಿಟ್ಟು ಹೋಗಬಹುದು.

ಮಾಲೀಕರ ಕರ್ತವ್ಯವನ್ನು ಇಷ್ಟು ಹೇಳಿದ ಮೇಲೆ ಮಾರುವವರ ಕರ್ತವ್ಯವನ್ನೂ ಹೇಳದಿದ್ದರೆ ನ್ಯಾಯವಾಗದು. ರೈಲು ಸಂಪರ್ಕವೂ ಇಲ್ಲದ, ನಾಲ್ಕು ತಿಂಗಳು ಮಳೆಯಲ್ಲಿ ಮುಳುಗುವ ಜಿಲ್ಲೆಗೆ ವಾಹನ ಮಾರುವಾಗ ಇದ್ದ ಉತ್ಸಾಹ, ತಪಾಸಣೆಯ ವಿಷಯ ಬಂದಾಗ ‘ಇಲ್ಲಿಗೇ ತನ್ನಿ’ ಎಂಬ ಒಂದು ಮಾತಿನಲ್ಲಿ ಮುಗಿಯುವುದು ಸರಿಯಲ್ಲ. ಬ್ರಿಟನ್‌ನ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಮತ್ತು ಅಲ್ಲಿನ ಕ್ಯಾರವಾನ್ ಕ್ಲಬ್‌ಗಳು ಸೇರಿ ನಡೆಸುವ ಅನುಮೋದಿತ ವರ್ಕ್‌ಶಾಪ್ ವ್ಯವಸ್ಥೆಯಲ್ಲಿ, ಮಾಲೀಕರ ಮನೆಯಂಗಳಕ್ಕೇ ಬಂದು ತಪಾಸಣೆ ಮಾಡುವ ಸಂಚಾರಿ ತಂತ್ರಜ್ಞರಿಗೂ ಮಾನ್ಯತೆ ಇದೆ. ನಮ್ಮಲ್ಲಿ ಮೋಟರ್ ಕ್ಯಾರವಾನ್‌ಗಳ ನಿರ್ಮಾಣಕ್ಕೆ ಎಐಎಸ್-124 ಎಂಬ ಮಾನದಂಡ ಇರುವಂತೆ, ಮಾರಾಟದ ನಂತರದ ತಪಾಸಣೆಗೂ ಒಂದು ಕ್ರಮ ಬರಬೇಕು. ಅದು ಬರುವವರೆಗೆ ಕಾಯದೆ, ಕೊಡಗಿನಲ್ಲಿ ವಾಹನ ಮಾರಿರುವ ಬಾಡಿ ನಿರ್ಮಾಣ ಸಂಸ್ಥೆಗಳು ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌ನಲ್ಲಿ ಮಳೆಗೆ ಮೊದಲು ಮತ್ತು ನವೆಂಬರ್‌ನಲ್ಲಿ ಕಾಫಿ ಕೊಯ್ಲಿನ ಕೆಲಸ ಜೋರಾಗುವ ಮೊದಲು, ಕುಶಾಲನಗರದಲ್ಲಿಯೋ ವಿರಾಜಪೇಟೆಯಲ್ಲಿಯೋ ಒಂದೆರಡು ದಿನದ ತಪಾಸಣಾ ಶಿಬಿರ ನಡೆಸಿ, ಅಲ್ಲಿಯೇ ವಾರಂಟಿ ಪುಸ್ತಕಕ್ಕೆ ಮುದ್ರೆ ಹಾಕಿಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಗಡುವುಗಳನ್ನು ಕೊಡಗಿನ ವಾಹನಗಳಿಗೆ ಅಕ್ಟೋಬರ್ ಕೊನೆಯವರೆಗೆ ತಾವಾಗಿಯೇ ವಿಸ್ತರಿಸಬೇಕು. ವಾಹನ ಒಪ್ಪಿಸುವ ದಿನವೇ, ಯಾವ ಭಾಗದ ವಾರಂಟಿ ಯಾವ ದಿನದಿಂದ ಯಾವ ದಿನದವರೆಗೆ, ಯಾವ ತಪಾಸಣೆ ಎಲ್ಲಿ, ಎಷ್ಟು ದಿನಗಳ ಒಳಗೆ ಆಗಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಬೇಕು. ಜಿಲ್ಲೆಯ ಕ್ಯಾರವಾನ್ ಮಾಲೀಕರು ಒಟ್ಟಾಗಿ ಕೇಳಿದರೆ ಈ ಮೂರನ್ನೂ ಕೊಡುವುದು ಕಂಪನಿಗಳಿಗೆ ಕಷ್ಟವೇನಲ್ಲ. ಆಸಕ್ತ ಮಾಲೀಕರು ಈ ತಿಂಗಳಲ್ಲೇ ತಮ್ಮ ತಮ್ಮ ಕಂಪನಿಗಳಿಗೆ ಪತ್ರ ಬರೆದು ಅದರ ಪ್ರತಿಯನ್ನು ತಾಲ್ಲೂಕಿನ ಇತರ ಮಾಲೀಕರೊಂದಿಗೆ ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ,
ಮಡಿಕೇರಿ ತಾಲ್ಲೂಕು, ಕೊಡಗು